ಪಣವಾದವರ ಸರದಿ

ಕನ್ನಡ ಸೀಮೆಯಲ್ಲೂ ತಮಿಳು ಸೀಮೆಯಲ್ಲೂ ಹಳೆಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಒಂದು ತ್ರಿಕೋನ, ಅದನ್ನು ಅಡ್ಡ ಹಾಯ್ದ ನಾಲ್ಕಾರು ಗೆರೆಗಳು ಕೊರೆದಿರುವುದನ್ನು ನೋಡಿರುತ್ತೀರಿ. ನಮ್ಮ ಕಡೆ ಅದು ಹುಲಿ-ಕುರಿ ಆಟ, ಧರ್ಮಪುರಿ ಜಿಲ್ಲೆಯ ಹರೂರಿನ ಕಡೆ ಆಡುಪುಲಿ ಆಟ. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಕುರಿಯನ್ನು ತಿನ್ನಬಹುದು, ಕುರಿ ಯಾರನ್ನೂ ತಿನ್ನಲಾರದು. ಆದರೂ ಕುರಿಗಳು ಗೆಲ್ಲುವುದುಂಟು. ಒಂದರ ಬೆನ್ನಿಗೆ ಒಂದು ನಿಂತು, ಹುಲಿಗೆ ಕಾಲಿಡಲು ಜಾಗವಿಲ್ಲದಂತೆ ಕಟ್ಟಿಹಾಕಿದರೆ ಆಟ ಅವುಗಳದು. ಚದುರಂಗದ ಹಾಗೆ ಎರಡು ಕಡೆಗೂ ಸಮಬಲ ಕೊಡುವ ಗೊಡವೆಗೆ ಈ ಆಟ ಹೋಗುವುದಿಲ್ಲ. ಲೋಕದಲ್ಲಿ ಬಲ ಸಮವಾಗಿಲ್ಲ ಎಂಬುದನ್ನು ಒಪ್ಪಿಕೊಂಡೇ ಅದು ಶುರುವಾಗುತ್ತದೆ.

ಒಂದು ದೇಶದ ಇತ್ತೀಚಿನ ಚರಿತ್ರೆಯನ್ನು ರಾಜಕೀಯ ತಂತ್ರದ ಆಟವಾಗಿ ಕಟ್ಟಬಹುದೇ, ಕಟ್ಟುವುದಾದರೆ ಹೇಗೆ ಎಂಬ ಪ್ರಶ್ನೆ ಈಗ ಹಲವು ದೇಶಗಳಲ್ಲಿ ಗಂಭೀರವಾಗಿ ಎದ್ದಿದೆ. ಇಪ್ಪತ್ತು ವರ್ಷಗಳಿಂದೀಚೆಗೆ ಶೀತಲ ಸಮರ, ವಸಾಹತು ವಿಮೋಚನೆ, ಚುನಾವಣೆ, ಸರ್ವಾಧಿಕಾರ ಎಲ್ಲವೂ ಮೇಜಿನ ಮೇಲೆ ಬಂದಿವೆ, ಕಂಪ್ಯೂಟರಿನ ಪರದೆಗೂ ಬಂದಿವೆ. ಈ ಪ್ರಯತ್ನಗಳನ್ನು ಹರೂರಿನ ಕಡೆಯಿಂದ ನೋಡಿದರೆ ದಿಲ್ಲಿಯಿಂದಲೋ ವಾಷಿಂಗ್ಟನ್ನಿನಿಂದಲೋ ನೋಡಿದಾಗ ಕಾಣದ ಒಂದು ಸಂಗತಿ ಕಾಣುತ್ತದೆ. ಈ ಲೇಖನದ ಕಾಳಜಿ ಅದು.

ಆಟದ ವಂಶಾವಳಿ

ರಾಜ್ಯಕ್ಕೂ ಆಟಕ್ಕೂ ಇರುವ ನಂಟು ಕನ್ನಡಿಗರಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯನ್ನು ಎಲ್ಲ ಮನೆಗಳಿಗೂ ಒಮ್ಮೊಮ್ಮೆ ಮಾತ್ರ ಮುಟ್ಟಿಸುವ ಸಮಸ್ಯೆಗಳನ್ನು ಬಿಡಿಸಿದವರು, ಗಂಜೀಫಾ ಎಲೆಗಳಿಗೆ ಹೊಸ ಹೊಸ ಬಗೆಗಳನ್ನು ಕಲ್ಪಿಸಿದವರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗ ಇಂಥ ಆಟಗಳಿಗೇ ಮೀಸಲು. 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ತುಕೊಂಡರು. ಮುಂದಿನ ಮೂರೂವರೆ ದಶಕ ಅವರು ರಾಜ್ಯವಿಲ್ಲದ ರಾಜರು. ನಿಜವಾದ ಕಾಯಿ ನಡೆಸುವ ಅಧಿಕಾರ ಹೋದವನಿಗೆ ದಂತದ ಕಾಯಿ ಏನಾಗಿತ್ತೋ! ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ನಡೆಸುವ ಮಣೆಯಾಟಗಳ ಪ್ರದರ್ಶನದಲ್ಲಿ ಈ ಪರಂಪರೆ ಇಂದಿಗೂ ನೋಡಸಿಗುತ್ತದೆ.

ಯುರೋಪಿನಲ್ಲಿ ಆಟ ಕಚೇರಿಯ ಸಾಮಾನಾದದ್ದು 1824ರ ಹೊತ್ತಿಗೆ. ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್ ನಕ್ಷೆಯ ಮೇಲೆ ಕಾಯಿಗಳನ್ನಿಟ್ಟು ಯುದ್ಧ ಕಲಿಸುವ ಆಟವನ್ನು ಸೈನ್ಯಕ್ಕೆ ಕೊಟ್ಟ. ಆಟ ರಾಜಕೀಯ ವಾದವಾದದ್ದು 1904ರಲ್ಲಿ. ಭೂಮಿಯ ಒಡೆತನ ಕೆಲವರ ಕೈಯಲ್ಲಿ ಕೂಡಿದರೆ ಉಳಿದವರು ಹೇಗೆ ದಿವಾಳಿಯಾಗುತ್ತಾರೆ ಎಂದು ತೋರಿಸಲು ಅಮೆರಿಕದ ಎಲಿಜಬೆತ್ ಮೇಗಿ ‘ಜಮೀನ್ದಾರನ ಆಟ’ಕ್ಕೆ ಪೇಟೆಂಟ್ ಪಡೆದರು. ಮುಂದೆ ಅದರ ಬುದ್ಧಿಮಾತು ಸೋರಿಹೋಗಿ ಮೊನಾಪಲಿ ಉಳಿಯಿತು. ನಮ್ಮ ಮಕ್ಕಳು ಬೇಸಿಗೆ ರಜೆಯಲ್ಲಿ ಮುಂಬಯಿ, ದಿಲ್ಲಿಗಳನ್ನು ಕೊಂಡು ಬಾಡಿಗೆ ವಸೂಲಿ ಮಾಡುವ ‘ಬಿಸಿನೆಸ್’ ಇದರ ಮೊಮ್ಮಗು. ಎಚ್ಚರಿಸಲು ಹುಟ್ಟಿದ ಆಟ ದುರಾಸೆ ಕಲಿಸುವ ಆಟವಾಯಿತು. ಆಟ ಕಟ್ಟುವವನ ಉದ್ದೇಶವನ್ನು ಆಡುವವನು ಒಪ್ಪಿಕೊಳ್ಳಲೇಬೇಕೆಂದಿಲ್ಲ ಎಂಬ ಮೊದಲ ಪಾಠ ಇಲ್ಲಿದೆ.

ಮುಂದಿನದು ಗೊತ್ತಿರುವ ಕಷ್ಟ

ಹತ್ತಿರದ ಚರಿತ್ರೆಯನ್ನು ಆಟವಾಗಿಸುವವನಿಗೆ ಎದುರಾಗುವ ಮೊದಲ ತೊಡಕೆಂದರೆ, ಫಲಿತಾಂಶ ಎಲ್ಲರಿಗೂ ಗೊತ್ತಿರುತ್ತದೆ. ತುರ್ತುಪರಿಸ್ಥಿತಿಯ ಆಟದಲ್ಲಿ ಇಂದಿರಾ ಗಾಂಧಿಯವರ ಸ್ಥಾನದಲ್ಲಿ ಕೂತವನು 1977ರ ಮಾರ್ಚಿನಲ್ಲಿ ಚುನಾವಣೆ ನಡೆಸುವುದೇ ಇಲ್ಲ. ಆದರೆ ಆ ಕಾಲದಲ್ಲಿ ಅವರಿಗೆ ಸೋಲು ಗೊತ್ತಿರಲಿಲ್ಲ.

ಇದಕ್ಕೆ ಹೆಚ್ಚು ಮೆಚ್ಚುಗೆ ಪಡೆದ ಉತ್ತರ 2005ರಲ್ಲಿ ಬಂದ ‘ಟ್ವೈಲೈಟ್ ಸ್ಟ್ರಗಲ್’. ಆನಂದ ಗುಪ್ತ ಮತ್ತು ಜೇಸನ್ ಮ್ಯಾಥ್ಯೂಸ್ ಕಟ್ಟಿದ ಈ ಆಟದಲ್ಲಿ 1945ರಿಂದ 1989ರವರೆಗಿನ ಶೀತಲ ಸಮರವಿದೆ. ಒಬ್ಬ ಅಮೆರಿಕ, ಇನ್ನೊಬ್ಬ ಸೋವಿಯತ್ ಒಕ್ಕೂಟ. ಘಟನೆಗಳೆಲ್ಲ ಎಲೆಗಳ ಮೇಲಿವೆ. ಕೈಯಲ್ಲಿರುವ ಎಲೆ ಎದುರಾಳಿಗೆ ಒಳ್ಳೆಯದಾಗುವ ಘಟನೆಯದ್ದಾದರೂ ಅದನ್ನು ಬಳಸಿದ ಕೂಡಲೇ ಆ ಘಟನೆ ನಡೆದೇ ತೀರುತ್ತದೆ. ಹಾಗಾಗಿ ಆಟಗಾರನ ಜಾಣತನವೆಲ್ಲ ಬರಲಿರುವ ಕೆಡುಕನ್ನು ಯಾವಾಗ ಬರಮಾಡಿಕೊಳ್ಳಬೇಕು ಎಂಬುದರಲ್ಲಿದೆ. ಏನಾಗುತ್ತದೆ ಎಂದು ಗೊತ್ತು, ಯಾವಾಗ ಎಂದು ಗೊತ್ತಿಲ್ಲ. ಅಧಿಕಾರದಲ್ಲಿ ಕೂತವರ ದಿನಚರಿಗೆ ಇದು ಬಹಳ ಹತ್ತಿರದ ಅನುಭವ.

ಈ ಆಟ ಶೀತಲ ಸಮರದ ಕಾಲದ ನಂಬಿಕೆಗಳನ್ನು, ಸುಳ್ಳೆಂದು ಆಮೇಲೆ ಗೊತ್ತಾದವನ್ನೂ ಸೇರಿಸಿ, ನಿಯಮಗಳಾಗಿ ಇಟ್ಟುಕೊಂಡಿದೆ. ಒಂದು ದೇಶ ಬಿದ್ದರೆ ಪಕ್ಕದ್ದೂ ಬೀಳುತ್ತದೆ ಎಂದು ಅಂದಿನವರು ನಂಬಿದ್ದರು, ಆಟದಲ್ಲೂ ಹಾಗೇ ಆಗುತ್ತದೆ. ಕಟ್ಟಿದವರು ಇದನ್ನು ಮುಚ್ಚಿಡಲಿಲ್ಲ. ಅಂದಿನವರ ತಲೆಯೊಳಗೆ ಕೂರಿಸುವುದು ಅವರ ಗುರಿ. ಆದರೆ ಆ ಹಾಸಿನ ಮೇಲೆ ಭಾರತವನ್ನು ಹುಡುಕಿ ನೋಡಿ. ಭಾರತ ಇದೆ, ಇಬ್ಬರು ಬಲಿಷ್ಠರು ತಮ್ಮ ಪ್ರಭಾವದ ಬಿಲ್ಲೆಗಳನ್ನಿಡುವ ಒಂದು ಚೌಕವಾಗಿ ಇದೆ. ಅಲಿಪ್ತ ನೀತಿಯ ನೆಹರೂ ಅವರಿಗೆ ಅಲ್ಲಿ ಕುರ್ಚಿಯಿಲ್ಲ. ನಾಲ್ಕು ದಶಕದ ಒಂದು ದೇಶದ ಬದುಕು ಇನ್ನೊಬ್ಬರ ಪಣ.

ಇದನ್ನು ನೋಡಿ ಭಾರತೀಯ ಓದುಗ ಸಿಟ್ಟಾಗುವುದು ಸಹಜ. ಆದರೆ ಭಾರತದ ಆಟವನ್ನು ದಿಲ್ಲಿಯಲ್ಲಿ ಕೂತು ಕಟ್ಟಿದರೂ ಇದೇ ತಪ್ಪು ಒಂದು ಮೆಟ್ಟಿಲು ಕೆಳಗೆ ನಡೆಯುತ್ತದೆ. 1977ರ ಚುನಾವಣೆಯನ್ನೇ ತೆಗೆದುಕೊಳ್ಳಿ. ‘ಜನತಾ ಅಲೆ’ ಎಂದು ಒಂದು ಎಲೆ ಬರೆದು ದೇಶವನ್ನೆಲ್ಲ ಅದರಲ್ಲಿ ಮುಳುಗಿಸಿದರೆ ಉತ್ತರ ಭಾರತಕ್ಕೆ ಸರಿ. ಆ ವರ್ಷ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ತಮಿಳುನಾಡಿನಲ್ಲಿ ಅಣ್ಣಾ ಡಿಎಂಕೆ ಮತ್ತು ಕಾಂಗ್ರೆಸ್ ಕೂಟ ಬಹುಪಾಲು ಸ್ಥಾನ ಗೆದ್ದಿತು. ಅದಕ್ಕೆ ಮೊದಲು, 1976ರ ಜನವರಿ 31ರಂದು, ಕರುಣಾನಿಧಿಯವರ ಸರ್ಕಾರವನ್ನು ದಿಲ್ಲಿ ವಜಾ ಮಾಡಿತ್ತು. ಒಂದೇ ದೇಶ, ಒಂದೇ ವರ್ಷ, ಮೂರು ಬೇರೆ ಆಟ. ದೇಶದ ಚರಿತ್ರೆಯೆಂದು ನಾವು ಕರೆಯುವುದು ಹಲವು ಸಲ ರಾಜಧಾನಿಯ ಚರಿತ್ರೆ.

ಗಂಭೀರವಾದ ನಗೆ, ಮರೆಮಾಚಿದ ಹೆಸರು

ಇತ್ತೀಚಿನ ಚರಿತ್ರೆಯ ಎರಡನೆಯ ತೊಡಕು, ಅದರಲ್ಲಿದ್ದ ಜನ ಇನ್ನೂ ಬದುಕಿದ್ದಾರೆ. ಅವರ ಪಕ್ಷ, ಜಾತಿ, ಅಭಿಮಾನಿಗಳು, ವಕೀಲರೂ ಇದ್ದಾರೆ. ಇದನ್ನು ದಾಟಲು ಮೂರು ದಾರಿಗಳು ಬಳಕೆಯಲ್ಲಿವೆ.

ಒಂದು, ಹೆಸರು ಮರೆಸುವುದು. 2020ರಲ್ಲಿ ಬಂದ ‘ಸುಜರೇನ್’ ಎಂಬ ಕಂಪ್ಯೂಟರ್ ಆಟದಲ್ಲಿ ನೀವು ಸಾರ್ಡ್‌ಲ್ಯಾಂಡ್ ಎಂಬ ಕಲ್ಪಿತ ದೇಶದ ಅಧ್ಯಕ್ಷ. ಸಂವಿಧಾನ ತಿದ್ದುಪಡಿ, ಅಲ್ಪಸಂಖ್ಯಾತರ ಪ್ರಶ್ನೆ, ನೆರೆಯವನ ಬೆದರಿಕೆ ಎಲ್ಲವೂ ಪರಿಚಿತವೇ, ಹೆಸರುಗಳು ಮಾತ್ರ ಹೊಸವು. ಸುರಕ್ಷಿತ ದಾರಿ ಇದು. ಆದರೆ ಕಲ್ಪಿತ ದೇಶದಲ್ಲಿ ತೆಗೆದುಕೊಂಡ ತೀರ್ಮಾನಕ್ಕೆ ಯಾರೂ ಉತ್ತರ ಹೇಳಬೇಕಾಗಿಲ್ಲ, ಆಟಗಾರನೂ ಹೇಳಬೇಕಾಗಿಲ್ಲ.

ಎರಡು, ವ್ಯಕ್ತಿಯನ್ನು ಬಿಟ್ಟು ಸ್ವಭಾವವನ್ನು ಹಿಡಿಯುವುದು. ಮುಂಬಯಿಯ ಮೀಮ್‌ಸಿಸ್ ಕಲ್ಚರ್ ಲ್ಯಾಬ್‌ನ ಝೈನ್ ಮೆಮನ್ ರೂಪಿಸಿ, 2019ರಲ್ಲಿ ಜನರಿಂದಲೇ ಬಂಡವಾಳ ಕೂಡಿಸಿದ ‘ಶಾಸನ್’ ಹೀಗಿದೆ. ಮೀಸಲಾತಿ, ಭಾಷೆ, ಧರ್ಮದಂಥ ವಿಷಯಗಳ ಮೇಲೆ ಪ್ರಶ್ನೆ ಬರುತ್ತದೆ. ನೀವು ಕೊಟ್ಟ ಉತ್ತರಕ್ಕೆ ತಕ್ಕಂತೆ ದುಡ್ಡೋ ದರ್ಪವೋ ಪ್ರಚಾರವೋ ವಿಶ್ವಾಸವೋ ಕೈಸೇರುತ್ತದೆ. ಅದನ್ನು ಕೊಟ್ಟು ಮತ ಕೊಳ್ಳುತ್ತೀರಿ. ಆದರ್ಶವಾದಿಯಾಗಿ ಕೂತವನು ಅರ್ಧ ಗಂಟೆಯೊಳಗೆ ಪಕ್ಕದವನ ಜೊತೆ ಒಳಸಂಚು ಮಾಡುತ್ತಿರುತ್ತಾನೆ. ಈ ಆಟದ ನಿಜವಾದ ಎಲೆ ಆಟಗಾರನ ಸಂಕೋಚ, ಅದು ಹಾರಿಹೋಗುವ ಕ್ಷಣ.

ಮೂರನೆಯದು ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ರಾಜನನ್ನು ಬಿಟ್ಟು ಪ್ರಜೆಯನ್ನು ಆಡಿಸುವುದು. ಪೋಲೆಂಡಿನ ರಾಷ್ಟ್ರೀಯ ಸ್ಮೃತಿ ಸಂಸ್ಥೆ 2011ರಲ್ಲಿ ‘ಕೊಲೆಯ್ಕಾ’, ಅಂದರೆ ‘ಸಾಲು’, ಎಂಬ ಆಟ ಹೊರತಂದಿತು. ರೂಪಿಸಿದವರು ಕರೋಲ್ ಮದಾಯ್. ಕಮ್ಯುನಿಸ್ಟ್ ಆಳ್ವಿಕೆಯ ಕಾಲದಲ್ಲಿ ಮನೆಸಾಮಾನು ಕೊಳ್ಳಲು ಕುಟುಂಬದವರನ್ನು ಅಂಗಡಿಗಳ ಮುಂದೆ ಸಾಲು ನಿಲ್ಲಿಸುವುದಷ್ಟೇ ಆಟ. ಸರಕಿನ ಗಾಡಿ ಯಾವ ಅಂಗಡಿಗೆ ಬರುತ್ತದೋ ಗೊತ್ತಿಲ್ಲ; ಒಳಗಿನವರ ಪರಿಚಯ ಇದ್ದವನು ನಡುವೆ ನುಗ್ಗುತ್ತಾನೆ. ನಮ್ಮ ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಎಣ್ಣೆಗೆ ನಿಂತವರಿಗೆ ನಿಯಮ ವಿವರಿಸುವ ಅಗತ್ಯವೇ ಇಲ್ಲ. ಇದರಲ್ಲಿ ಮಂತ್ರಿಯಿಲ್ಲ, ಪಕ್ಷದ ಕಾರ್ಯದರ್ಶಿಯಿಲ್ಲ, ಆದರೂ ಇದು ಅಪ್ಪಟ ರಾಜಕೀಯ ಆಟ. 2016ರಲ್ಲಿ ರಷ್ಯಾದ ಸರ್ಕಾರಿ ಇಲಾಖೆ ಇದಕ್ಕೆ ಆಕ್ಷೇಪವೆತ್ತಿತು. ಸಾಲು ನಿಂತವರ ನೆನಪಿಗೂ ಹೆದರುವವರಿದ್ದಾರೆ.

ಮೇಜಿನ ಸುತ್ತ ಯಾರು?

ಅಸಮಬಲದ ಆಟಗಳನ್ನು ಅಮೆರಿಕದಲ್ಲಿ ಜನಪ್ರಿಯ ಮಾಡಿದವರು ವೋಲ್ಕೊ ರೂಂಕೆ. ಅವರ ‘ಆಂಡಿಯನ್ ಅಬಿಸ್’ (2012) ಕೊಲಂಬಿಯಾದ ಸರ್ಕಾರ, ಗೆರಿಲ್ಲಾಗಳು, ಅರೆಸೈನಿಕರು, ಮಾದಕದ್ರವ್ಯದ ವ್ಯಾಪಾರಿಗಳನ್ನು ನಾಲ್ಕು ಕುರ್ಚಿಯಲ್ಲಿ ಕೂರಿಸಿತು. ನಾಲ್ವರಿಗೂ ಬೇರೆ ಬೇರೆ ನಡೆ, ಗೆಲುವಿನ ಅರ್ಥವೂ ಬೇರೆ. ಇದೇ ಸಾಲಿನಲ್ಲಿ ಬ್ರೂಸ್ ಮ್ಯಾನ್ಸ್‌ಫೀಲ್ಡ್ ಅವರ ‘ಗಾಂಧಿ’ (2019) ಬಂತು. 1917ರಿಂದ 1947ರವರೆಗಿನ ಭಾರತ ಅದರಲ್ಲಿದೆ. ಬ್ರಿಟಿಷ್ ಸರ್ಕಾರ, ಕಾಂಗ್ರೆಸ್, ಮುಸ್ಲಿಂ ಲೀಗ್, ಕ್ರಾಂತಿಕಾರಿಗಳು ನಾಲ್ಕು ಪಕ್ಷ. ಯುದ್ಧದ ಆಟದ ನಿಯಮಗಳೊಳಗೆ ಅಹಿಂಸೆಯನ್ನೂ ಒಂದು ನಡೆಯಾಗಿ ತಂದದ್ದು ಅದರ ಸಾಧನೆ. ಕೋಲ್ ವೆಹ್ರ್ಲೆಯವರ ‘ಜಾನ್ ಕಂಪನಿ’ ಇನ್ನೂ ಕಟುವಾದದ್ದು. ಆಟಗಾರರು ಈಸ್ಟ್ ಇಂಡಿಯಾ ಕಂಪನಿಯ ಹುದ್ದೆಗಳಿಗಾಗಿ ಕಿತ್ತಾಡುವ ಲಂಡನ್ನಿನ ಮನೆತನಗಳು. ಭಾರತದಲ್ಲಿ ಏಳುವ ಯುದ್ಧ, ದಂಗೆಗಳನ್ನು ಹಾಸಿನ ಮೇಲೆ ಅಲೆಯುವ ಒಂದು ಆನೆಯ ಕಾಯಿ ಸೂಚಿಸುತ್ತದೆ.

ಈ ಆನೆ ನಮ್ಮ ಸೀಮೆಗೂ ಬಂದುಹೋಗಿದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಕಂಪನಿಗೆ ಬಿಟ್ಟುಕೊಟ್ಟ ಬಾರಾಮಹಲ್, ಸೇಲಂ ಸೀಮೆಗಳಲ್ಲೇ ಇಂದಿನ ಧರ್ಮಪುರಿ, ಹರೂರುಗಳು ಸೇರಿವೆ. ಅಲೆಕ್ಸಾಂಡರ್ ರೀಡ್ ಕೈಕೆಳಗೆ ಥಾಮಸ್ ಮನ್ರೋ ಹೊಲ ಅಳೆದು ಕಂದಾಯ ಕಟ್ಟುವುದನ್ನು ಕಲಿತದ್ದು ಇಲ್ಲೇ. ಸೋತ ರಾಜ ಪಣವಾಗಿ ಒಡ್ಡಿದ್ದು ಊರುಗಳನ್ನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಇಲ್ಲಿನ ನೇಕಾರರು, ಒಕ್ಕಲುಗಳು ಅಂಥ ಹಲವು ಪಣಗಳ ಉಳಿಕೆ.

ಪಣ ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ಹಸ್ತಿನಾವತಿಯ ಸಭೆ. ರಾಜಕೀಯದ ಆಟದ ಬಗ್ಗೆ ನಮ್ಮಲ್ಲಿರುವ ಅತ್ಯಂತ ಆಳವಾದ ಕಥೆ ಅದೇ. ಶಕುನಿಯ ಕೈಚಳಕ, ಧರ್ಮರಾಯನ ಚಟ ಇವೆಲ್ಲ ಸರಿ. ಕಥೆ ತಿರುಗುವುದು ಮಾತ್ರ ಪಣವಾಗಿ ಸೋತುಹೋದ ಹೆಣ್ಣು ಆಟದ ನಿಯಮವನ್ನೇ ಪ್ರಶ್ನಿಸಿದಾಗ. ಮೊದಲು ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಒಡ್ಡುವ ಹಕ್ಕು ಎಲ್ಲಿಂದ ಬಂತು? ಭೀಷ್ಮನಾದಿಯಾಗಿ ನಿಯಮ ಬಲ್ಲವರೆಲ್ಲ ತಲೆ ತಗ್ಗಿಸಿದರು. ಕಾಯಿಗೆ ಬಾಯಿ ಬಂದರೆ ಆಟ ಮೊದಲಿನಂತೆ ಮುಂದುವರಿಯಲಾರದು.

ಇಂದಿನ ಆಟಗಳ ಕೊರತೆಯೂ ಇಲ್ಲೇ. 2002ರ ‘ಪೋರ್ಟೊರಿಕೊ’ದಲ್ಲಿ ತೋಟಗಳಿಗೆ ದುಡಿಯಲು ಬರುವ ಕಂದು ಬಿಲ್ಲೆಗಳನ್ನು ‘ವಸಾಹತುಗಾರರು’ ಎಂದು ಕರೆದದ್ದಕ್ಕೆ ವರ್ಷಗಟ್ಟಲೆ ಟೀಕೆ ಬಂತು, ಅವರು ಗುಲಾಮರಲ್ಲದೆ ಮತ್ತಾರು ಎಂದು. ಬ್ರೆಂಡಾ ರೊಮೆರೊ 2009ರಲ್ಲಿ ರೂಪಿಸಿದ ‘ಟ್ರೇನ್’ನಲ್ಲಿ ಆಟಗಾರ ಹಳದಿ ಗೊಂಬೆಗಳನ್ನು ಜಾಣತನದಿಂದ ರೈಲುಡಬ್ಬಿಗೆ ತುಂಬುತ್ತಾನೆ, ಗೆದ್ದ ಮೇಲೆ ರೈಲು ಮುಟ್ಟಿದ್ದು ಆಶ್‌ವಿಟ್ಜ್ ಎಂದು ತಿಳಿಯುತ್ತದೆ. ಪೋರ್ಟೊರಿಕೊ ಕಾಯಿಯ ಮುಖ ಮುಚ್ಚಿತು, ಟ್ರೇನ್ ಆಟಗಾರನ ಮುಖಕ್ಕೆ ಕನ್ನಡಿ ಹಿಡಿಯಿತು. ಎರಡರಲ್ಲೂ ಕಾಯಿಗೆ ಸರದಿ ಬರಲಿಲ್ಲ.

ಹರೂರಿನ ಒರೆಗಲ್ಲು

ನಮ್ಮ ಎರಡು ರಾಜ್ಯಗಳ ಇತ್ತೀಚಿನ ಚರಿತ್ರೆಯಿಂದ ಒಂದು ಆಟ ಕಟ್ಟಿ ಎಂದರೆ ಹೆಚ್ಚಿನವರು ತಟ್ಟನೆ ಆರಿಸುವುದು ಎರಡರಲ್ಲೊಂದು. ಕಾವೇರಿ ನೀರಿನ ಜಗಳ, ಇಲ್ಲವೇ ಕಾಡುಗಳ್ಳ ವೀರಪ್ಪನ್. ಎರಡೂ ಇಬ್ಬರ ಆಟವಾಗಿ ಸುಲಭವಾಗಿ ಒದಗುತ್ತವೆ.

ಕಾವೇರಿಯಲ್ಲಿ ಅಂಕಗಳು ಸಿದ್ಧವಾಗಿವೆ. 1991ರ ಮಧ್ಯಂತರ ಆದೇಶ 205 ಟಿಎಂಸಿ. 2007ರ ಅಂತಿಮ ತೀರ್ಪಿನಲ್ಲಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲಿಗೆ 14.75 ಸೇರಿಸಿತು. ಆದರೆ ಧರ್ಮಪುರಿ ಜಿಲ್ಲೆಯ ಮನೆಮಾತು ಕನ್ನಡದವನನ್ನು ಎಲ್ಲಿ ಕೂರಿಸುತ್ತೀರಿ? ಅವನ ಮತ ಚೆನ್ನೈಗೆ, ಮನೆಯ ಜಗಲಿಯ ಮಾತು ಬೆಂಗಳೂರಿಗೆ, ಕೊಡಕ್ಕೆ ಬರುವುದು ಹೊಗೇನಕಲ್ ಯೋಜನೆಯ ನೀರು. 2008ರಲ್ಲಿ ಆ ಕುಡಿಯುವ ನೀರಿನ ಯೋಜನೆಯ ಹೆಸರಿನಲ್ಲೇ ಎರಡು ರಾಜ್ಯ ಜಗಳವಾಡಿದವು. ಹರೂರಿನ ಉತ್ತರಕ್ಕೆ ಹರಿಯುವ ದಕ್ಷಿಣ ಪಿನಾಕಿನಿ ಹುಟ್ಟುವುದೂ ನಂದಿಬೆಟ್ಟದ ಸೀಮೆಯಲ್ಲಿ. ಎರಡೇ ಬಣ್ಣದ ಕಾಯಿಗಳ ಪೆಟ್ಟಿಗೆಯಲ್ಲಿ ಇವನಿಗೆ ಬಣ್ಣವಿಲ್ಲ.

ವೀರಪ್ಪನ್ ಆಟ ಇನ್ನೂ ಆಕರ್ಷಕ. ಒಂದು ಕಡೆ ಎರಡು ರಾಜ್ಯಗಳ ಕಾರ್ಯಪಡೆ, ಇನ್ನೊಂದು ಕಡೆ ಕಾಡಿನ ತಂಡ. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣ, 108 ದಿನಗಳ ಉಸಿರು ಬಿಗಿಹಿಡಿದ ಕಾಯುವಿಕೆ. ಕೊನೆಗೆ 2004ರ ಅಕ್ಟೋಬರ್ 18ರಂದು ಇದೇ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ಗುಂಡಿನ ಸದ್ದು. ಆರಂಭ, ನಡು, ಅಂತ್ಯ ಎಲ್ಲ ಇದೆ. ಆದರೆ ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಸದಾಶಿವ ಸಮಿತಿಯನ್ನು ನೇಮಿಸಬೇಕಾಯಿತು. ಬೇಟೆಯ ಆಟದಲ್ಲಿ ಕಾಡಂಚಿನ ಹಳ್ಳಿ ಬರೀ ಹಿನ್ನೆಲೆ. ಕಾಡಿನವನಿಗೆ ಅಕ್ಕಿ ಕೊಟ್ಟರೆ ಕಾರ್ಯಪಡೆಯ ಏಟು, ಕಾರ್ಯಪಡೆಗೆ ಸುದ್ದಿ ಕೊಟ್ಟರೆ ಕಾಡಿನವನ ಗುಂಡು.

ಹರೂರು ತಾಲ್ಲೂಕಿನಲ್ಲೇ, ಚಿತ್ತೇರಿ ಬೆಟ್ಟದ ಬುಡದಲ್ಲಿ, ವಾಚಾತ್ತಿ ಎಂಬ ಹಳ್ಳಿಯಿದೆ. ಬೆಟ್ಟದ ಮಲೆಯಾಳಿ ಬುಡಕಟ್ಟಿನವರ ಊರು. 1992ರ ಜೂನ್ 20ರಂದು ಕಳ್ಳಸಾಗಣೆಯ ಶ್ರೀಗಂಧ ಹುಡುಕುವ ಹೆಸರಿನಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಊರಿಗೆ ನುಗ್ಗಿದರು. ಮನೆಗಳು ನೆಲಸಮವಾದವು, ಊರವರು ಜೈಲು ಸೇರಿದರು, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ಆ ಹೆಣ್ಣುಮಕ್ಕಳು ಬಾಯಿಬಿಟ್ಟರು. ಬುಡಕಟ್ಟು ಜನರ ಸಂಘವೂ ಸಿಪಿಎಂ ಪಕ್ಷವೂ ಜೊತೆಗೆ ನಿಂತವು. 1995ರಲ್ಲಿ ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಆರೋಪಿಗಳು 269 ಮಂದಿ. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ನ್ಯಾಯಾಲಯ ತೀರ್ಪು ಕೊಡುವ ಹೊತ್ತಿಗೆ ಅವರಲ್ಲಿ 54 ಮಂದಿ ಸತ್ತಿದ್ದರು, ಬದುಕಿದ್ದ 215 ಮಂದಿಯೂ ಅಪರಾಧಿಗಳೆಂದಾಯಿತು. ಸರಿಯಾಗಿ ಹನ್ನೆರಡು ವರ್ಷದ ಮೇಲೆ, 2023ರ ಸೆಪ್ಟೆಂಬರ್ 29ರಂದು, ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿದು, ಅತ್ಯಾಚಾರಕ್ಕೆ ಗುರಿಯಾದ ಪ್ರತಿಯೊಬ್ಬರಿಗೂ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಅಂದಿನ ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠ, ಅರಣ್ಯಾಧಿಕಾರಿಯ ಮೇಲೂ ಕ್ರಮಕ್ಕೆ ಹೇಳಿತು.

ಈ ಚರಿತ್ರೆ ಯಾವ ಆಟದ ಪೆಟ್ಟಿಗೆಯಲ್ಲಿ ಹಿಡಿಯುತ್ತದೆ?

ಗಡಿಯಾರ ಯಾರದು

ಒಂದು ಪ್ರಯೋಗಕ್ಕೆ, 1990ರ ದಶಕದ ಈ ಗಡಿಕಾಡನ್ನು ಐದು ಕುರ್ಚಿಯ ಆಟವಾಗಿ ಕಲ್ಪಿಸಿಕೊಳ್ಳೋಣ. ಚೆನ್ನೈ, ಬೆಂಗಳೂರು, ಸಮವಸ್ತ್ರದವರು, ಕಾಡಿನ ತಂಡ, ಬೆಟ್ಟದ ಹಳ್ಳಿ. ಬಲದ ಅಸಮತೆಯನ್ನು ರೂಂಕೆಯಿಂದ ಪಡೆಯಬಹುದು, ಹುಲಿ-ಕುರಿಯಿಂದ ಪಡೆದರೆ ಇನ್ನೂ ಚೆನ್ನ. ಹಳ್ಳಿಗೆ ಹೊಡೆಯುವ ನಡೆಯಿಲ್ಲ. ಅದರ ಬಳಿ ಇರುವುದು ಸಾಕ್ಷಿ. ಪ್ರತಿ ಸುತ್ತಿನಲ್ಲೂ ಸಾಕ್ಷಿಯನ್ನು ಉಳಿಸಿಕೊಳ್ಳಲು ಏನಾದರೂ ತೆರಬೇಕು. ಕೂಲಿ ಬಿಟ್ಟು ಕೋರ್ಟಿಗೆ ಅಲೆಯಬೇಕು, ಬೆದರಿಕೆಗೆ ಬಗ್ಗದಿರಬೇಕು, ಆಮಿಷ ನಿರಾಕರಿಸಬೇಕು. ಸಂಘ, ವಕೀಲ, ಆಯೋಗ ಎಂಬ ಕುರಿಗಳು ಒಂದೊಂದಾಗಿ ಬಂದು ಪಕ್ಕದಲ್ಲಿ ನಿಂತಾಗ ಹುಲಿಗೆ ಜಾಗ ಕಡಿಮೆಯಾಗುತ್ತದೆ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಬದುಕಿರುವವರ ನೋವನ್ನು ಆಟವಾಡುವುದು ಸರಿಯೇ ಎಂಬುದು ಮೊದಲನೆಯದು. ತೂಕದ ಮಾತು. ಅತ್ಯಾಚಾರವನ್ನು ಎಲೆಯ ಮೇಲೆ ಬರೆದು ಅಂಕ ಕೊಡುವವನು ಆಟ ಕಟ್ಟಬಾರದು. ಆದರೆ ಹಿಂಸೆಯನ್ನು ಒರೆಸಿಹಾಕಿದರೆ ಕಂದು ಬಿಲ್ಲೆಗಳ ಸುಳ್ಳಿಗೆ ಮರಳುತ್ತೇವೆ. ನನ್ನ ಅನಿಸಿಕೆಯಲ್ಲಿ ದಾರಿಯೆಂದರೆ, ಆಟ ಹಳ್ಳಿಗೆ ಆದದ್ದನ್ನು ಆಡಿಸದೆ, ಆದಮೇಲೆ ಹಳ್ಳಿ ಮಾಡಿದ್ದನ್ನು ಆಡಿಸಬೇಕು. ಹಾಗೆ ಕಟ್ಟುವ ಮೊದಲು ಆ ಊರವರ ಒಪ್ಪಿಗೆ ಕೇಳಬೇಕು. ಎರಡನೆಯದು, ಕಾಯುವ ಕುರ್ಚಿಯಲ್ಲಿ ಯಾರು ಕೂರುತ್ತಾರೆ, ಬೇಸರವಲ್ಲವೇ ಎಂಬುದು. ಅದಕ್ಕೆ ಪೋಲೆಂಡಿನ ಸಾಲು ಉತ್ತರ ಕೊಟ್ಟಿದೆ. ಕಾಯುವಿಕೆಯಲ್ಲೂ ತಂತ್ರವಿದೆ, ಜಗಳವಿದೆ, ನಗೆಯೂ ಇದೆ.

ನಿಜವಾದ ಕಷ್ಟ ಬೇರೆ. ಚೆನ್ನೈ, ಬೆಂಗಳೂರುಗಳ ಗಡಿಯಾರ ಐದು ವರ್ಷಕ್ಕೊಮ್ಮೆ ಚುನಾವಣೆ ಎಣಿಸುತ್ತದೆ. ಸಮವಸ್ತ್ರದವರದು ಬಡ್ತಿ, ವರ್ಗಾವಣೆಗಳನ್ನು ಎಣಿಸುತ್ತದೆ. ಕಾಡಿನವನದು ನಾಳೆಯನ್ನು. ಹಳ್ಳಿಯದು ವಾಯಿದೆಗಳನ್ನು. ಸುತ್ತಿಗೆ ಒಂದು ವರ್ಷವೆಂದು ಲೆಕ್ಕ ಹಾಕಿ ಆಟವನ್ನು 2004ಕ್ಕೆ ಮುಗಿಸಿದರೆ ಕಾರ್ಯಪಡೆ ಗೆಲ್ಲುತ್ತದೆ, ಹಳ್ಳಿ ಸೋಲುತ್ತದೆ. 2011ಕ್ಕೆ ಮುಗಿಸಿದರೆ ಹಳ್ಳಿಗೆ ಅರ್ಧ ಗೆಲುವು. 2023ರವರೆಗೆ ಆಡಿದರೆ ಮಾತ್ರ ಹಾಸಿನ ಚಿತ್ರವೇ ಬದಲಾಗುತ್ತದೆ, ಆ ಹೊತ್ತಿಗೆ ಉಳಿದ ನಾಲ್ವರು ಆಟಗಾರರು ಎದ್ದುಹೋಗಿರುತ್ತಾರೆ. ಶೀತಲ ಸಮರದ ಆಟ 1989ಕ್ಕೆ ನಿಲ್ಲುತ್ತದೆ, ಗಾಂಧಿಯ ಆಟ 1947ಕ್ಕೆ. ಆಟ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವನು ಯಾರು ಗೆಲ್ಲಬೇಕೆಂದೂ ತೀರ್ಮಾನಿಸಿರುತ್ತಾನೆ. ನಿಯಮ ಪುಸ್ತಕದಲ್ಲಿ ಅತ್ಯಂತ ರಾಜಕೀಯವಾದ ಸಾಲು ಅದೇ, ಅದನ್ನೇ ಯಾರೂ ಗಮನವಿಟ್ಟು ಓದುವುದಿಲ್ಲ.

ನಮ್ಮ ಅಜ್ಜಿಯರ ಚೌಕಾಬಾರದಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತು. ಮೊದಲು ಗೆದ್ದವಳು ಎದ್ದುಹೋದರೂ ಆಟ ನಿಲ್ಲುತ್ತಿರಲಿಲ್ಲ. ಹೊಡೆಸಿಕೊಂಡು ಮತ್ತೆ ಮೊದಲ ಮನೆಯಿಂದ ಹೊರಟ ಕಾಯಿಗೂ ಸರದಿ ಬರುತ್ತಿತ್ತು, ಕತ್ತಲಾದರೆ ದೀಪ ಹಚ್ಚಿ ಆಡುತ್ತಿದ್ದರು. ಅಂಥ ಕಾಯಿ ಸುತ್ತೆಲ್ಲ ದಾಟಿ ನಡುಮನೆ ಸೇರಿದರೆ ‘ಹಣ್ಣಾಯಿತು’ ಎನ್ನುತ್ತಿದ್ದರು. ವಾಚಾತ್ತಿಯಲ್ಲಿ ಅದಕ್ಕೆ 31 ವರ್ಷ ಹಿಡಿಯಿತು.